ಹಿತ್ತಲಿನ ವಿಷಸಸ್ಯಗಳು (ಕುಂದಾಪುರ ಪ್ರದೇಶ)

ಮನೆಯ ಅಂಗಳ, ಬೇಲಿ ಮತ್ತು ಹಿತ್ತಲಿನಲ್ಲಿ ಬೆಳೆಯುವ, ಸೇವಿಸಿದರೆ ಅಥವಾ ಮೈಗೆ ತಾಗಿದರೆ ಮನುಷ್ಯರಿಗೂ ಜಾನುವಾರುಗಳಿಗೂ ಹಾನಿ ಮಾಡುವ ಸಸ್ಯಗಳನ್ನು ಹಿತ್ತಲಿನ ವಿಷಸಸ್ಯಗಳು ಎನ್ನಬಹುದು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಇಂತಹ ಸಸ್ಯಗಳು ಪೂಜೆಯ ಹೂವಿಗಾಗಿ, ಬೇಲಿಗಾಗಿ ಇಲ್ಲವೆ ಮದ್ದಿಗಾಗಿ ಉಳಿದುಬಂದಿವೆ. ಇವುಗಳ ಜೊತೆ ಸುರಕ್ಷಿತವಾಗಿ ಬಾಳಲು ಸರಿಯಾದ ಗುರುತು ತಿಳಿದಿರುವುದು ಮುಖ್ಯ.

ಪ್ರಮುಖ ಸಸ್ಯಗಳು

* ಕಣಗಿಲೆ ಮತ್ತು ಹಳದಿ ಕಣಗಿಲೆ: ಎಲ್ಲ ಭಾಗಗಳೂ ವಿಷಕಾರಿ. ಇವುಗಳಲ್ಲಿರುವ ಗ್ಲೈಕೋಸೈಡ್‌ಗಳು ಹೃದಯದ ಬಡಿತವನ್ನು ಏರುಪೇರು ಮಾಡುತ್ತವೆ. ಒಣಗಿದ ಎಲೆಯಲ್ಲಿಯೂ ವಿಷ ಉಳಿಯುತ್ತದೆ.
* ಅಗ್ನಿಶಿಖೆ: ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ ಹೂಬಿಡುವ ಬಳ್ಳಿ. ಗೆಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಗೆಡ್ಡೆಯನ್ನು ಗೆಣಸೆಂದು ತಪ್ಪಾಗಿ ತಿಳಿಯುವ ಅಪಾಯವಿದೆ.
* ಗುಲಗಂಜಿ: ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಕೆಂಪು ಬೀಜ. ಬೀಜವನ್ನು ಜಗಿದರೆ ಅಥವಾ ತೂತು ಕೊರೆದರೆ ಒಳಗಿನ ಏಬ್ರಿನ್ ಹೊರಬರುತ್ತದೆ.
* ಎಕ್ಕ: ಹಾಲು ಕಣ್ಣಿಗೆ ತಾಗಿದರೆ ತೀವ್ರ ಹಾನಿಯಾಗುತ್ತದೆ.
* ಕಾಸರ್ಕ: ಬೀಜ ಮತ್ತು ತೊಗಟೆಯಲ್ಲಿ ಸ್ಟ್ರಿಕ್ನೀನ್ ಹಾಗೂ ಬ್ರೂಸಿನ್ ಇವೆ. ಸ್ಟ್ರಿಕ್ನೀನ್ ಮೈಯೆಲ್ಲ ಸೆಟೆದುಕೊಳ್ಳುವಂತೆ ಮಾಡಿ ಉಸಿರಾಟವನ್ನು ನಿಲ್ಲಿಸಬಲ್ಲದು.

ಹಾಲೆ ಮತ್ತು ಕಾಸರ್ಕ

ಆಷಾಢದ ಅಮಾವಾಸ್ಯೆಯಂದು (ಆಟಿ ಅಮಾವಾಸ್ಯೆ) ಹಾಲೆ ಮರದ ತೊಗಟೆಯ ರಸವನ್ನು ಬರಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ಕರಾವಳಿಯಲ್ಲಿದೆ. ತುಳುವಿನಲ್ಲಿ ಈ ಮರಕ್ಕೆ ಪಾಲೆ ಎಂದು ಹೆಸರು. ತೊಗಟೆಯನ್ನು ಸೂರ್ಯೋದಯಕ್ಕೆ ಮುನ್ನ, ಕತ್ತಲಿರುವಾಗಲೇ ಕಲ್ಲಿನಿಂದ ಜಜ್ಜಿ ತರುವುದು ವಾಡಿಕೆಯಾದುದರಿಂದ ಮರ ತಪ್ಪುವ ಸಂಭವವಿದೆ. ಹಾಲೆಯ ಬದಲು ಕಾಸರ್ಕದ ತೊಗಟೆ ಸೇರಿದರೆ ಪ್ರಾಣಾಪಾಯ ಉಂಟಾಗುತ್ತದೆ.

ಹಾಲೆಯ ಎಲೆಗಳು ಗೆಣ್ಣಿನ ಸುತ್ತ ಸಾಮಾನ್ಯವಾಗಿ ಏಳರಷ್ಟು ಸಂಖ್ಯೆಯಲ್ಲಿ ಗುಂಪಾಗಿರುತ್ತವೆ. ತೊಗಟೆ ಗೀರಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರ್ಕದ ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದು, ಬುಡದಿಂದಲೇ ಹೊರಡುವ 3ರಿಂದ 5 ನರಗಳು ಎದ್ದುಕಾಣುತ್ತವೆ, ಹಾಲು ಬರುವುದಿಲ್ಲ. ಹಣ್ಣು ಕಿತ್ತಳೆ ಬಣ್ಣದ ಉಂಡೆಯಂತಿರುತ್ತದೆ. ಹಾಲು ಒಸರುವ ಬೇರೆ ವಿಷಮರಗಳೂ ಇರುವುದರಿಂದ ಅದೊಂದೇ ಗುರುತು ಸಾಲದು. ಮರವನ್ನು ಹಿಂದಿನ ದಿನ ಹಗಲಿನಲ್ಲಿಯೇ ಬಲ್ಲವರಿಂದ ಗುರುತಿಸಿ ಇಡುವುದು ಸುರಕ್ಷಿತ, ಸಂದೇಹವಿದ್ದರೆ ಕುಡಿಯಬಾರದು.

ಮುನ್ನೆಚ್ಚರಿಕೆ

ಕತ್ತರಿಸಿದ ಕಣಗಿಲೆಯ ರೆಂಬೆಗಳನ್ನು ದನಗಳಿಗೆ ಸಿಗುವಂತೆ ಹಟ್ಟಿಯ ಬಳಿ ಹಾಕಬಾರದು, ಒಲೆಗೂ ಉಪಯೋಗಿಸಬಾರದು. ಅದರ ಹೊಗೆಯೂ ಹಾನಿಕರ. ಕೈಮೈಗೆ ಹಾಲು ತಾಗಿದರೆ ಕೂಡಲೇ ತೊಳೆಯಬೇಕು. ಮಕ್ಕಳ ಆಟಕ್ಕೆ ಗುಲಗಂಜಿ ಕೊಡಬಾರದು.

ಪ್ರಥಮ ಚಿಕಿತ್ಸೆ

ವಿಷ ಸೇವನೆಯ ಶಂಕೆಯಿದ್ದರೆ ಲಕ್ಷಣಗಳಿಗಾಗಿ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಅಗ್ನಿಶಿಖೆಯ ವಿಷದ ಲಕ್ಷಣಗಳು ಹಲವು ಗಂಟೆಗಳ ಬಳಿಕ ಕಾಣಿಸಬಹುದು. ಸೇವಿಸಿದ ಸಸ್ಯದ ಎಲೆ, ಕಾಯಿ ಅಥವಾ ತೊಗಟೆಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ವಿಷವನ್ನು ಗುರುತಿಸಲು ಅನುಕೂಲವಾಗುತ್ತದೆ. ಕಣ್ಣಿಗೆ ಹಾಲು ತಾಗಿದ್ದರೆ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು.