ಎಣಿಸುವ ಮುನ್ನ ಹಾಕಿದ ಲೆಕ್ಕ

ಕಳೆದ ತಿಂಗಳು ಮನೆಯಲ್ಲಿ ಎಷ್ಟು ರಾಗಿ ಖರ್ಚಾಯಿತು? ಕೇಳುವುದು ಸುಲಭ. ಆದರೆ ಕಣಜದಿಂದ ಮೊರದಲ್ಲಿ ತೆಗೆದ ರಾಗಿಗೆ ಚೀಟಿ ಬರೆದಿಡುವವರು ಯಾರು? ಕೂಲಿಗೆ ಬಂದ ಕಾಳು, ನೆರೆಮನೆಯಿಂದ ಕಡ ತಂದ ಬೆಲ್ಲ, ಹಿತ್ತಲಿನ ಸೊಪ್ಪು, ಇವಕ್ಕೆ ಬೆಲೆ ಕಟ್ಟುವುದು ಹೇಗೆ? ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಸಂಖ್ಯಾಶಾಸ್ತ್ರಜ್ಞರು ಎದುರಿಸಬೇಕಾದ ಪ್ರಶ್ನೆಗಳಿವು.

1949ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿತು. ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. (ಇದೇ ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು.) ಹಳ್ಳಿಗರು ಏನು ತಿನ್ನುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂಬುದಕ್ಕೆ ನಂಬಬಹುದಾದ ಅಂಕಿಅಂಶಗಳೇ ಇರಲಿಲ್ಲ. ಈ ಕೊರತೆಯನ್ನು ನೀಗಿಸಲು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಐದೂವರೆ ಲಕ್ಷಕ್ಕೂ ಹೆಚ್ಚು ಹಳ್ಳಿಗಳ ದೇಶದಲ್ಲಿ ಮೊದಲ ಸುತ್ತಿಗೆ ಆಯ್ದದ್ದು 1,833 ಹಳ್ಳಿಗಳನ್ನು ಮಾತ್ರ.

ಇಷ್ಟು ಸಾಕೆಂಬ ಧೈರ್ಯ ಮಹಲನೋಬಿಸ್ ಅವರಿಗೆ ಬಂದದ್ದು ಬಂಗಾಳದ ಸೆಣಬಿನ ಹೊಲಗಳಲ್ಲಿ. 1937ರಿಂದ ಅಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಅವರು ಮೊದಲು ಸಣ್ಣ ಪ್ರಯೋಗ ಮಾಡಿ, ಓಡಾಟಕ್ಕೆ ತಗಲುವ ಸಮಯ, ಹಣ ಎಲ್ಲವನ್ನೂ ಬರೆದಿಟ್ಟು, ಅನಂತರವೇ ದೊಡ್ಡ ಯೋಜನೆ ಸಿದ್ಧಪಡಿಸುತ್ತಿದ್ದರು. ಒಂದೇ ಪ್ರದೇಶಕ್ಕೆ ಎರಡು ಪ್ರತ್ಯೇಕ ತಂಡಗಳನ್ನು ಕಳುಹಿಸಿ ಲೆಕ್ಕಗಳನ್ನು ತಾಳೆ ನೋಡುವ ವಿಧಾನವೂ ಅವರದೇ.

ಹಳ್ಳಿಯೊಳಗೆ ಮನೆ ಆಯ್ಕೆಗೂ ಕಟ್ಟುಪಾಡು ಬೇಕು. ಸಮೀಕ್ಷಕನ ಇಷ್ಟಕ್ಕೆ ಬಿಟ್ಟರೆ ರಸ್ತೆ ಬದಿಯ ಮನೆಗಳು, ಪಟೇಲರು ತೋರಿಸಿದ ಮನೆಗಳೇ ಲೆಕ್ಕಕ್ಕೆ ಬಂದು, ಊರಾಚೆಯ ಕೇರಿಯ ಗುಡಿಸಲು ಬಿಟ್ಟುಹೋಗುತ್ತದೆ. ಆದ್ದರಿಂದ ಮೊದಲು ಎಲ್ಲ ಮನೆಗಳ ಪಟ್ಟಿ, ಆಮೇಲೆ ನಿಯಮದಂತೆ ಆಯ್ಕೆ.

ಅಳತೆಗಳದು ಇನ್ನೊಂದು ಪಾಡು. ಸೇರು, ಪಾವು, ಕೊಳಗ, ಖಂಡುಗಗಳ ಪ್ರಮಾಣ ಊರಿಂದೂರಿಗೆ ಬೇರೆ. ಮೆಟ್ರಿಕ್ ತೂಕಗಳು ಬರತೊಡಗಿದ್ದೇ 1958ರಲ್ಲಿ. ಕಾಲದ ಆಯ್ಕೆಯೂ ಮುಖ್ಯ. ಸುಗ್ಗಿಯಲ್ಲಿ ಕೇಳಿದರೆ ಕಣಜ ತುಂಬಿರುತ್ತದೆ, ಆಷಾಢದಲ್ಲಿ ಕೇಳಿದರೆ ತಳ ಕಾಣುತ್ತದೆ. ಹೀಗಾಗಿ ಸಮೀಕ್ಷೆಯನ್ನು ಇಡೀ ವರ್ಷಕ್ಕೆ ಹಂಚುವ ಪದ್ಧತಿ ಬಂತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲೂ ಬೆಂಗಳೂರು ನಗರದಲ್ಲೂ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜಂಟಿಯಾಗಿ ಮನೆಮನೆಯ ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು.

ಎಲ್ಲಕ್ಕಿಂತ ಜಟಿಲವಾದದ್ದು ನೆನಪಿನ ಪ್ರಶ್ನೆ. ವಾರದ ಲೆಕ್ಕ ಕೇಳಬೇಕೋ, ತಿಂಗಳದೋ? 1950ರ ದಶಕದ ಪ್ರಯೋಗಗಳಲ್ಲಿ ವಾರದ ಲೆಕ್ಕ ಕೇಳಿದಾಗ ಬಳಕೆ ಹೆಚ್ಚು ಕಂಡಿತು. ಕೊನೆಗೆ ಮೂವತ್ತು ದಿನಗಳ ಲೆಕ್ಕ ರೂಢಿಯಾಯಿತು. ಆದರೆ 1999-2000ರ 55ನೇ ಸುತ್ತಿನಲ್ಲಿ ಆಹಾರದ ಬಗ್ಗೆ ಏಳು ದಿನ, ಮೂವತ್ತು ದಿನ ಎರಡರ ಲೆಕ್ಕವನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಕೇಳಲಾಯಿತು. ಒಂದರ ಉತ್ತರ ಇನ್ನೊಂದರ ಮೇಲೆ ಪ್ರಭಾವ ಬೀರಿತೆಂಬ ಆಕ್ಷೇಪ ಎದ್ದಿತು. 1993-94ರಲ್ಲಿ ಶೇ. 36ರಷ್ಟಿದ್ದ ಬಡತನ ಶೇ. 26.1ಕ್ಕೆ ಇಳಿಯಿತೆಂಬ ಸರ್ಕಾರಿ ಅಂಕಿಯನ್ನು ಅನೇಕ ಅರ್ಥಶಾಸ್ತ್ರಜ್ಞರು ಒಪ್ಪಲಿಲ್ಲ. ಎರಡು ಸುತ್ತುಗಳನ್ನು ಹೋಲಿಸುವುದೇ ತಪ್ಪೆಂಬುದು ಅವರ ವಾದ.

ಇದು ಪಂಡಿತರ ಜಗಳ ಮಾತ್ರವಲ್ಲ. ಯಾವ ರಾಜ್ಯದ ಎಷ್ಟು ಬಡ ಕುಟುಂಬಗಳಿಗೆ ಕೇಂದ್ರದಿಂದ ಅಗ್ಗದ ಪಡಿತರ ಎಂಬುದನ್ನು 1997ರಿಂದ ಹಲವು ವರ್ಷ ಇಂಥ ಅಂದಾಜುಗಳ ಮೇಲೆಯೇ ನಿರ್ಧರಿಸಲಾಗುತ್ತಿತ್ತು. 2022-23ರ ಸಮೀಕ್ಷೆಯಲ್ಲಿ ಪ್ರಶ್ನಾವಳಿಯನ್ನು ಮೂರು ಭಾಗ ಮಾಡಿ, ಪ್ರತಿ ಮನೆಗೂ ಮೂರು ಬಾರಿ ಭೇಟಿ ಕೊಡುವ ಕ್ರಮ ತರಲಾಯಿತು. ಹಾಗಾಗಿ ಹಳೆಯ ಸುತ್ತುಗಳೊಡನೆ ಹೋಲಿಕೆ ಎಷ್ಟರ ಮಟ್ಟಿಗೆ ಸರಿ ಎಂಬ ಚರ್ಚೆ ಮತ್ತೆ ಎದ್ದಿತು.