ಕುದುರೆಗೆ ಕಿಚಡಿ, ಬೆಳ್ಳಿಗೆ ಕೋಟೆಯ ಮಣ್ಣು: ಬೀದರ್ ಕಥೆ

1470ರ ಆಸುಪಾಸಿನಲ್ಲಿ ರಷ್ಯಾದ ಒಬ್ಬ ವ್ಯಾಪಾರಿ ಬೀದರ್‌ಗೆ ಬಂದ. ಹೆಸರು ಅಫನಾಸಿ ನಿಕಿತಿನ್, ಊರು ತ್ವೆರ್. ಮಾರೋದಕ್ಕೆ ಅಂತ ಹಡಗಲ್ಲಿ ತಂದಿದ್ದು ಒಂದು ಕುದುರೆ. ಹಾಂ, ಸರಿಯಾಗೇ ಕೇಳಿಸ್ಕೊಂಡ್ರಿ, ಒಂದೇ ಒಂದು ಕುದುರೆ. ಅವತ್ತು ದಖ್ಖನ್‌ನ ರಾಜರಿಗೆ ಒಳ್ಳೆ ಯುದ್ಧದ ಕುದುರೆ ಬೇಕು ಅಂದ್ರೆ ಅರಬ್ಬಿ ಸಮುದ್ರದ ಆಚೆಯಿಂದಲೇ ಬರಬೇಕಿತ್ತು. ಹಾಗಾಗಿ ಒಂದು ಕುದುರೆ ಅನ್ನೋದು ಇವತ್ತಿನ ಲೆಕ್ಕದಲ್ಲಿ ಒಂದು ಲಕ್ಷುರಿ ಕಾರ್ ಇದ್ದ ಹಾಗೆ.

ಅವನು ಬರೆದಿಟ್ಟ ಪ್ರವಾಸದ ಟಿಪ್ಪಣಿ ಇವತ್ತಿಗೂ ಸಿಗುತ್ತೆ. ಅದರಲ್ಲಿ ನಂಗೆ ತುಂಬಾ ಇಷ್ಟವಾದ ವಿಷಯ ಅಂದ್ರೆ ಇಲ್ಲಿ ಕುದುರೆಗಳಿಗೆ ಸಕ್ಕರೆ, ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡ್ತಾರೆ ಅನ್ನೋದು. ಅವನು ಆ ಪದವನ್ನೇ ಬಳಸಿದ್ದಾನೆ, ಕಿಚಡಿ ಅಂತ! ಇನ್ನೊಂದು, ಸುಲ್ತಾನನ ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು, ನೂರು ಗುಮಾಸ್ತರು. ಯಾರು ಒಳಗೆ ಹೋದ್ರು, ಯಾರು ಹೊರಗೆ ಬಂದ್ರು ಅಂತ ಬರೆದುಕೊಳ್ಳೋದೇ ಅವರ ಕೆಲಸ. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರ್ ನೆನಪಾಗಲ್ವಾ? ಅದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತೂ ಇದೆ: ದೊಡ್ಡ ಮನುಷ್ಯರು ಬೆಳ್ಳಿಯ ಮಂಚದ ಮೇಲೆ ಕೂತು ಹೊರಿಸ್ಕೊಂಡು ಓಡಾಡ್ತಾರೆ, ಹಳ್ಳಿಯವರು ಮಾತ್ರ ತೀರಾ ಬಡವರು ಅಂತ. ಬೀದರ್‌ನ ಕಥೆ ಹೇಳುವಾಗ ಈ ಮಾತನ್ನ ಕೈಬಿಟ್ಟು ಬರೀ ವೈಭವ ಹೇಳಬಾರದು.

ಆಗ ಅದು ಬಹಮನಿ ಸುಲ್ತಾನರ ರಾಜಧಾನಿ. 15ನೇ ಶತಮಾನದ ಮೊದಲ ಭಾಗದಲ್ಲಿ ಅಹಮದ್ ಶಾ ರಾಜಧಾನಿಯನ್ನ ಕಲಬುರಗಿಯಿಂದ ಇಲ್ಲಿಗೆ ತಂದ. ಕೋಟೆ ನಿಂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕರಾವಳಿಯಲ್ಲಿ ಮುರಕಲ್ಲು ಅಂತಾರಲ್ಲ, ಅದೇ. ಊರಿನ ಕಡೆಗೆ ಬಂಡೆಯನ್ನೇ ಕೊರೆದು ಕಂದಕ ಮಾಡಿದ್ದಾರೆ. ಮಧ್ಯೆ ಎರಡು ಬಂಡೆಗೋಡೆಗಳನ್ನ ಹಾಗೇ ಬಿಟ್ಟಿರೋದ್ರಿಂದ ಒಂದರ ಪಕ್ಕ ಒಂದು ಮೂರು ಕಂದಕ ಆಗಿವೆ. ಮೊಬೈಲಲ್ಲಿ ಎಷ್ಟೇ ಝೂಮ್ ಮಾಡಿ ಫೋಟೋ ತೆಗೆದರೂ ಅದರ ಆಳ ಗೊತ್ತಾಗಲ್ಲ.

ನಿಕಿತಿನ್ ಬಂದಾಗ ಇಲ್ಲಿ ನಿಜವಾದ ಅಧಿಕಾರ ಇದ್ದಿದ್ದು ಇನ್ನೊಬ್ಬ ವ್ಯಾಪಾರಿಯ ಕೈಯಲ್ಲಿ, ಮಹಮೂದ್ ಗವಾನ್. ಇರಾನ್‌ನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದು ವಜೀರ ಆದವನು. ಅವನಿಗಿದ್ದ ಬಿರುದು ಮಲಿಕ್-ಉತ್-ತುಜ್ಜಾರ್, ಅಂದ್ರೆ ವರ್ತಕರ ದೊರೆ. ಬಿಕಾಂ ಮಾಡಿದ ನನಗೆ ಈ ಬಿರುದು ಕೇಳಿದ್ರೇನೇ ಖುಷಿ! ರಾಜ್ಯದ ಪ್ರಾಂತ್ಯಗಳು ನಾಲ್ಕಿದ್ದಿದ್ದನ್ನ ಎಂಟು ಮಾಡಿದ. ಒಬ್ಬ ಪ್ರಾಂತಾಧಿಕಾರಿ ಕೈಯಲ್ಲಿ ಒಂದೇ ಕೋಟೆ ಅಂದ, ಜಮೀನು ಅಳತೆ ಮಾಡಿಸಿದ. ಆಡಿಟ್ ಬಂದ್ರೆ ಯಾರಿಗೆ ಇಷ್ಟ ಆಗುತ್ತೆ ಹೇಳಿ? ಮೊದಲೇ ಆಸ್ಥಾನದಲ್ಲಿ ಎರಡು ಗುಂಪು: ಹಿಂದಿನಿಂದ ಇಲ್ಲೇ ನೆಲೆಸಿದ್ದ ದಖ್ಖನಿಗಳು, ಇರಾನ್ ಕಡೆಯಿಂದ ಹೊಸದಾಗಿ ಬಂದ ಅಫಾಕಿಗಳು. ಗವಾನ್ ಎರಡು ಕಡೆಯವರಿಗೂ ಹುದ್ದೆ ಹಂಚಿ ಸರಿದೂಗಿಸೋಕೆ ನೋಡಿದ. ಆಗಲಿಲ್ಲ.

ವಿರೋಧಿಗಳು ಖಾಲಿ ಕಾಗದದ ಮೇಲೆ ಅವನ ಮೊಹರು ಒತ್ತಿಸಿಕೊಂಡ್ರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ 'ದಂಡೆತ್ತಿ ಬಾ' ಅನ್ನೋ ಅರ್ಥದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದ್ರು. 1481ರಲ್ಲಿ ಸುಲ್ತಾನ ಮೂರನೇ ಮುಹಮ್ಮದ್ ಷಾ ವಿಚಾರಣೆಯನ್ನೂ ಸರಿಯಾಗಿ ಮಾಡದೆ ಗವಾನ್‌ನ ತಲೆ ತೆಗೆಸಿದ. ಮುಂದಿನ ವರ್ಷ ಸುಲ್ತಾನನೂ ಸತ್ತ. ನಂತರ ರಾಜ್ಯ ಒಡೆದು ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಅಂತ ಐದು ತುಂಡಾಯ್ತು. ಗವಾನ್ ತನ್ನ ಊಟದ ಖರ್ಚನ್ನ ಸರ್ಕಾರದ ದುಡ್ಡಿಂದ ಮಾಡ್ತಿರಲಿಲ್ಲ, ತಾನು ತಂದಿದ್ದ ವ್ಯಾಪಾರದ ಬಂಡವಾಳದ ಲಾಭದಿಂದ ಮಾಡ್ತಿದ್ದ ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

1472ರಲ್ಲಿ ಅವನು ಕಟ್ಟಿಸಿದ ಮದರಸಾ ಇನ್ನೂ ಊರ ಮಧ್ಯೆ ನಿಂತಿದೆ. ಮೂರು ಮಹಡಿ, ಗೋಡೆ ಮೇಲೆ ಇರಾನಿ ಶೈಲಿಯ ಬಣ್ಣದ ಹೆಂಚು. ಆದ್ರೆ ನಿಂತಿರೋದು ಪೂರ್ತಿ ಕಟ್ಟಡ ಅಲ್ಲ. ಔರಂಗಜೇಬ್ ಬೀದರ್ ಗೆದ್ದ ಮೇಲೆ ಅಲ್ಲಿ ಸೈನಿಕರು ಉಳಿದರು, ಮದ್ದಿನ ಪುಡಿ ತುಂಬಿಟ್ಟರು. 1696ರಲ್ಲಿ ಅದು ಸಿಡಿದು ಮುಂಭಾಗದ ದೊಡ್ಡ ಪಾಲು ಹೋಯ್ತು. ಎರಡು ಮಿನಾರುಗಳಲ್ಲಿ ಉಳಿದಿರೋದು ಒಂದೇ.

ಈಗ ಮತ್ತೆ ಕೋಟೆಯೊಳಗೆ ಬನ್ನಿ. ಅಲ್ಲಿ ರಂಗೀನ್ ಮಹಲ್ ಅಂತ ಇದೆ. ಬಾಗಿಲು ಎಷ್ಟೋ ಸಲ ಮುಚ್ಚಿರುತ್ತೆ, ಅಲ್ಲಿನ ಸಿಬ್ಬಂದಿಯನ್ನ ಕೇಳಿ. 16ನೇ ಶತಮಾನದಲ್ಲಿ ಅಲಿ ಬರೀದ್ ಷಾ ಅದಕ್ಕೆ ಹೊಸ ರೂಪ ಕೊಟ್ಟ. ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕುಸುರಿ ಇದೆ. ಕಪ್ಪು ಹಿನ್ನೆಲೆ, ಅದರ ಮೇಲೆ ಹೊಳೆಯೋ ಬಳ್ಳಿ. ಅದನ್ನ ನೋಡಿ ಬಜಾರಿಗೆ ಬಂದು ಬಿದ್ರಿ ಹೂಜಿ ನೋಡಿದ್ರೆ ಎರಡೂ ಅಣ್ಣತಮ್ಮ ಅನ್ನಿಸುತ್ತೆ. ಇದು ನನ್ನ ಕಣ್ಣಿಗೆ ಕಂಡಿದ್ದು, ಶಾಸನದ ಸಾಕ್ಷಿ ಏನಲ್ಲ.

ಬಿದ್ರಿ ಹೇಗೆ ಮಾಡ್ತಾರೆ ಗೊತ್ತಾ? ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಮಣ್ಣಿನ ಅಚ್ಚಲ್ಲಿ ಎರಕ ಹೊಯ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಕಾಣೋ ಹಾಗೆ ಮೈಲುತುತ್ತದ ನೀರು ಸವರ್ತಾರೆ. ಉಳಿಯಿಂದ ಹೂವು, ಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸ್ತಾರೆ. ಇಷ್ಟಾದ್ರೂ ಅದು ಬೂದು ಬಣ್ಣವೇ, ಬೆಳ್ಳಿ ಸರಿಯಾಗಿ ಕಾಣಲ್ಲ. ಕೊನೆಗೆ ಬರುತ್ತೆ ನೋಡಿ ಕೋಟೆಯ ಮಣ್ಣು! ಕೋಟೆಯೊಳಗೆ ಬಿಸಿಲು, ಮಳೆ ತಾಗದ ಜಾಗದ ಹಳೇ ಮಣ್ಣನ್ನ ನವಸಾಗರದ ನೀರಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದ್ರೆ ಸತು ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಮಣ್ಣು ಸರಿ ಇದೆಯಾ ಅಂತ ನೋಡೋಕೆ ಕುಶಲಕರ್ಮಿಗಳು ಅದನ್ನ ನಾಲಿಗೆಗೆ ಹಚ್ಚಿ ರುಚಿ ನೋಡ್ತಾರೆ. ಲ್ಯಾಬ್ ರಿಪೋರ್ಟ್ ನಾಲಿಗೆಯಲ್ಲೇ!

ಹಳೆಯ ಬಿದ್ರಿಯಲ್ಲಿ ಹೆಚ್ಚು ಸಿಗೋದು 17ನೇ ಶತಮಾನದಿಂದ ಈಚಿನ ಹುಕ್ಕಾದ ಬುರುಡೆಗಳು. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂತು. ಮೆಣಸಿನಕಾಯಿ, ಶೇಂಗಾ ಕೂಡ ಅಮೆರಿಕದವೇ. ಅಂದ್ರೆ ಗವಾನ್‌ನ ಅಡುಗೆ ಮನೆಯಲ್ಲಿ ಶೇಂಗಾ ಚಟ್ನಿಯೂ ಇಲ್ಲ, ಕೆಂಪು ಖಾರವೂ ಇಲ್ಲ. ಖಾರ ಬೇಕಂದ್ರೆ ಕಾಳುಮೆಣಸು. ಇವತ್ತು ನಾವು ಉತ್ತರ ಕರ್ನಾಟಕದ ಊಟ ಅಂತ ರೊಟ್ಟಿ ಜೊತೆ ಹಾಕ್ಕೊಳ್ಳೋ ಶೇಂಗಾ ಹಿಂಡಿ ಬಹಮನಿಗಳಿಗಿಂತ ಕಿರಿಯದು. ಜೋಳ ಮಾತ್ರ ಹಳಬ.

ಊಟದ ವಿಷಯಕ್ಕೇ ಹೋಗೋದಾದ್ರೆ ಎಳ್ಳ ಅಮಾವಾಸ್ಯೆ ಸಮಯ ನೋಡ್ಕೊಂಡು ಹೋಗಿ, ಡಿಸೆಂಬರ್-ಜನವರಿಯಲ್ಲಿ ಬರುತ್ತೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲೇ ಉಣ್ತಾರೆ. ಸಜ್ಜೆ ರೊಟ್ಟಿ, ಮಡಕೆಯ ಅಂಬಲಿ, ಆಮೇಲೆ ಭಜ್ಜಿ. ಎಣ್ಣೆಯಲ್ಲಿ ಕರಿಯೋ ಬಜ್ಜಿ ಅಲ್ಲ ಇದು. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲಾ ಸೇರಿಸಿ ಕಡಲೆ ಹಿಟ್ಟು, ಮಜ್ಜಿಗೆ ಹಾಕಿ ಕುದಿಸೋದು. ಇನ್ನು ಹೈದರಾಬಾದ್‌ನಲ್ಲಿ ಟೊಮೆಟೊ, ಜೀರಿಗೆ ಹಾಕಿ ಎಮ್ಮೆ ಮಾಂಸದಲ್ಲಿ ಮಾಡೋ ಕಲ್ಯಾಣಿ ಬಿರಿಯಾನಿ ಇದೆಯಲ್ಲ, ಆ 'ಕಲ್ಯಾಣಿ' ಬೀದರ್ ಜಿಲ್ಲೆಯ ಬಸವಕಲ್ಯಾಣದ ನವಾಬರ ಹೆಸರಿಂದ ಬಂದಿದ್ದು.

ಈಗ ದುಡ್ಡಿನ ಮಾತು. ಬಿದ್ರಿಗೆ ಜಿಐ ಟ್ಯಾಗ್ ಇದೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ತುಂಬಾ ಸಂತೋಷ. ಆದ್ರೆ ಜಿಐ ಕಾಯೋದು ಹೆಸರನ್ನ, ಕೂಲಿಯನ್ನಲ್ಲ. ಒಂದು ಹೂದಾನಿಯ ಲೆಕ್ಕ ಹಾಕಿ. ಸತು, ತಾಮ್ರ, ಬೆಳ್ಳಿಗೆ ಮಾರುಕಟ್ಟೆ ರೇಟು, ಅದು ಯಾರಪ್ಪನ ಮಾತೂ ಕೇಳಲ್ಲ. ಅದರಲ್ಲೂ ಬೆಳ್ಳಿಯನ್ನ ಮಾಲು ಮಾರಾಟ ಆಗೋ ಮುಂಚೆಯೇ ಕೊಂಡಿಡಬೇಕು. ಉಳಿದಿದ್ದು ಎರಕದವನು, ಕೆತ್ತೋನು, ಬೆಳ್ಳಿ ಕೂರಿಸೋನು, ಇವರ ದಿನಗಳ ಲೆಕ್ಕ. ನಾವು ಅಂಗಡಿಯಲ್ಲಿ ನಿಂತು ಇನ್ನೂರು ಬಿಡಿ, ಮುನ್ನೂರು ಬಿಡಿ ಅಂತ ಚೌಕಾಸಿ ಮಾಡ್ತೀವಲ್ಲ, ಆ ಮುನ್ನೂರು ಬೆಳ್ಳಿಯಿಂದ ಕಡಿಮೆ ಆಗಲ್ಲ, ಇವರ ಕೂಲಿಯಿಂದ ಆಗುತ್ತೆ. ಇಲ್ಲಾಂದ್ರೆ ಮುಂದಿನ ಸಲ ಬೆಳ್ಳಿ ಕಡಿಮೆ ಹಿಡಿಯೋ ಡಿಸೈನ್ ಬರುತ್ತೆ. ಹುಕ್ಕಾ ಮಾಡ್ತಿದ್ದ ಕೈ ಕೀ ಚೈನ್, ಪೆನ್‌ಡ್ರೈವ್ ಮಾಡ್ತಿರೋದು ತಪ್ಪು ಅಂತ ನಾನು ಹೇಳಲ್ಲ, ಮಾರಾಟ ಆಗೋದನ್ನ ಮಾಡಲೇಬೇಕು. ಆದ್ರೆ ಬರೀ ಕೀ ಚೈನ್ ಮಾಡಿ ಕಲಿತ ಹುಡುಗನಿಗೆ ದೊಡ್ಡ ಹೂಜಿಯ ಕೆಲಸ ಎಲ್ಲಿಂದ ಬರಬೇಕು?

ಹಾಗಾಗಿ ಹೋದಾಗ ಬೆಲೆ ಕೇಳೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: ಇದು ತಂತಿ ಕೆಲಸವೋ, ತಗಡಿನ ಕೆಲಸವೋ? ತಂತಿಯದ್ದಕ್ಕೆ ತಾರ್‌ಕಶಿ ಅಂತಾರೆ, ತಗಡಿನದ್ದಕ್ಕೆ ತೆಹ್‌ನಿಶಾನ್. ಇಷ್ಟು ಕೇಳಿದ್ರೆ ಸಾಕು, ಅವರೇ ಒಳಗಿಂದ ಬೇರೆ ಪೀಸ್ ತಂದು ತೋರಿಸ್ತಾರೆ.