ಮನೆ ಖಾಲಿ ಮಾಡುವ ಮುನ್ನ: ಹಳೆಯ ಸಾಮಾನಿಗೆ ಬೆಲೆ ಕಟ್ಟುವ ಬಗೆ

ಕೋಲಾರದ ಚಿನ್ನದ ಗಣಿಗಳಿಗೆ 2001ರ ಫೆಬ್ರವರಿ 28ರಂದು ಬೀಗ ಬಿದ್ದ ಮೇಲೆ ಕೆಜಿಎಫ್‌ನ ಅನೇಕ ಕುಟುಂಬಗಳ ದುಡಿಮೆ ಬೆಂಗಳೂರಿನತ್ತ ಹೊರಳಿತು. ಮಕ್ಕಳು ನಗರದಲ್ಲಿ ನೆಲೆಯೂರಿ, ಹಿರಿಯರನ್ನೂ ಅಲ್ಲಿಗೇ ಕರೆಸಿಕೊಳ್ಳುವ ಕಾಲ ಬಂದಾಗ ಎರಡು ತಲೆಮಾರುಗಳ ಸಾಮಾನನ್ನು ಏನು ಮಾಡುವುದೆಂಬ ಪ್ರಶ್ನೆ ಎದುರಾಗುತ್ತದೆ. ನಗರದ ಸಣ್ಣ ಫ್ಲ್ಯಾಟಿನಲ್ಲಿ ತೇಗದ ಮಂಚಕ್ಕೂ ಹಿತ್ತಾಳೆಯ ಹಂಡೆಗೂ ಜಾಗವಿರುವುದಿಲ್ಲ. ಕೊನೆಯ ದಿನ ಗುಜರಿಯವರನ್ನು ಕರೆದು ಎಲ್ಲವನ್ನೂ ತಕ್ಕಡಿಗೆ ಹಾಕಿ ಕಳುಹಿಸುವುದೇ ಹೆಚ್ಚು. ಹದಿನೈದು ದಿನ ಮೊದಲೇ ಸಿದ್ಧತೆ ಮಾಡಿ, ಮನೆಯಲ್ಲೇ ಒಂದು ದಿನದ ಮಾರಾಟ ಏರ್ಪಡಿಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಅಮೆರಿಕದಲ್ಲಿ ಇಂಥ ಮಾರಾಟಕ್ಕೆ ಗ್ಯಾರೇಜ್ ಸೇಲ್ ಎಂದು ಹೆಸರು. ಬ್ರಿಟನ್ನಿನಲ್ಲಿ ಕಾರಿನ ಡಿಕ್ಕಿಯಲ್ಲೇ ಸಾಮಾನಿಟ್ಟು ಮಾರುವ ಕಾರ್ ಬೂಟ್ ಸೇಲ್ ರೂಢಿಯಲ್ಲಿದೆ. ಇಲ್ಲಿ ಗ್ಯಾರೇಜಿನ ಬದಲು ವರಾಂಡ, ಅಂಗಳ ಅಥವಾ ಜಗುಲಿ ಸಾಕು. ಆದರೆ ಮೊದಲ ಗಿರಾಕಿ ಬಾಗಿಲಿಗೆ ಬರುವ ಮುನ್ನವೇ ಪ್ರತಿ ವಸ್ತುವಿನ ಬೆಲೆ ನಿಶ್ಚಯವಾಗಿರಬೇಕು.

ಮೊದಲು ವಿಂಗಡಣೆ

ಮಾರುವುದು, ಉಳಿಸಿಕೊಳ್ಳುವುದು, ದಾನ ಕೊಡುವುದು, ಗುಜರಿಗೆ ಹಾಕುವುದು ಎಂದು ಸಾಮಾನನ್ನು ನಾಲ್ಕು ಪಾಲು ಮಾಡುವುದು ಮೊದಲ ಕೆಲಸ. ಹಳೆಯ ಟ್ರಂಕುಗಳನ್ನೂ ಬೀರುವಿನ ಒಳಖಾನೆಗಳನ್ನೂ ಒಂದೊಂದಾಗಿ ತೆರೆದು ನೋಡಬೇಕು. ಗಣಿ ಕಾರ್ಮಿಕರ ಮನೆಗಳಲ್ಲಿ ಸೇವಾ ದಾಖಲೆ, ಸಂಬಳದ ಚೀಟಿ, ಭವಿಷ್ಯ ನಿಧಿಯ ಕಾಗದ, ಕ್ವಾರ್ಟರ್ಸ್ ಹಂಚಿಕೆಯ ಪತ್ರಗಳು ಇಂಥ ಕಡೆಗಳಲ್ಲೇ ಇರುತ್ತವೆ. ಇವು ರದ್ದಿಯೊಂದಿಗೆ ಹೋದರೆ ಮರಳಿ ಪಡೆಯುವುದು ಕಷ್ಟ. ಬಾಕಿ ಹಣ ಕೇಳುವುದಕ್ಕಾಗಲಿ, ಮನೆಯ ಹಕ್ಕು ಸಾಧಿಸುವುದಕ್ಕಾಗಲಿ ಇವೇ ಆಧಾರ. ಹಳೆಯ ಭಾವಚಿತ್ರಗಳನ್ನೂ ಪದಕಗಳನ್ನೂ ಕುಟುಂಬದ ಎಲ್ಲರ ಒಪ್ಪಿಗೆಯಿಲ್ಲದೆ ಮಾರಾಟಕ್ಕೆ ಇಡಬಾರದು.

ಮಾರಬಾರದ ವಸ್ತುಗಳೂ ಇವೆ. ಅಡುಗೆ ಅನಿಲದ ಸಿಲಿಂಡರ್ ತೈಲ ಕಂಪನಿಯ ಸ್ವತ್ತು. ಅದನ್ನು ಏಜೆನ್ಸಿಗೆ ಹಿಂದಿರುಗಿಸಿ ಠೇವಣಿ ಹಣ ಪಡೆಯಬೇಕು. ಗಣಿ ಕಂಪನಿಗೆ ಸೇರಿದ ಉಪಕರಣಗಳು, ಕ್ವಾರ್ಟರ್ಸ್‌ನ ಬಾಗಿಲು, ಕಿಟಕಿ, ಛಾವಣಿಯ ತಗಡು ಇವು ವಾಸಿಸುವವರ ಮನೆಸಾಮಾನಲ್ಲ. ಉಳಿದ ಔಷಧಿಗಳನ್ನು ಯಾರಿಗೂ ಕೊಡಬಾರದು. ಕೆಟ್ಟುಹೋದ ಟಿ.ವಿ., ಕಂಪ್ಯೂಟರುಗಳು ಇ-ತ್ಯಾಜ್ಯದ ಅಧಿಕೃತ ಸಂಗ್ರಾಹಕರಿಗೆ ಸೇರಬೇಕು. ಹಳೆಯ ಮೊಬೈಲ್ ಮಾರುವುದಾದರೆ ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಅದರಲ್ಲಿರುವ ಮಾಹಿತಿಯನ್ನು ಪೂರ್ಣ ಅಳಿಸಬೇಕು.

ನೂರು ವರ್ಷ ದಾಟಿದ ವಸ್ತು

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಗಣಿಗಾರಿಕೆ ಆರಂಭಿಸಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ ಹರಿಯಿತು. ಹೀಗಾಗಿ ಶತಮಾನ ಕಂಡ ವಸ್ತುಗಳು ಈ ಊರಿನ ಹಳೆಯ ಮನೆಗಳಲ್ಲಿ ಇರುವುದು ಅಸಹಜವಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ, ನೂರು ವರ್ಷಕ್ಕಿಂತ ಕಡಿಮೆಯಿಲ್ಲದ ವಿಗ್ರಹ, ವರ್ಣಚಿತ್ರ, ನಾಣ್ಯ, ಐತಿಹಾಸಿಕ ಮಹತ್ವದ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಮಹತ್ವದ ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಇವುಗಳ ವ್ಯಾಪಾರ ನಡೆಸಲು ಪರವಾನಗಿ ಅಗತ್ಯ; ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅನುಮಾನವಿರುವ ವಸ್ತುವನ್ನು ಮಾರಾಟದಿಂದ ಹೊರಗಿಟ್ಟು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಎರಡು ಗಡಿಗಳ ನಡುವೆ ಬೆಲೆ

ಹಳೆಯ ಸಾಮಾನಿನ ಬೆಲೆ ಕಟ್ಟುವವರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ಅದನ್ನು ಕೊಂಡಾಗ ತೆತ್ತ ಹಣವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು. ಇನ್ನೊಂದು, ಅವಸರದಲ್ಲಿ ಗುಜರಿಯ ದರಕ್ಕೇ ಒಪ್ಪಿಬಿಡುವುದು. ಸರಿಯಾದ ಬೆಲೆ ಇವೆರಡರ ನಡುವೆ ಇರುತ್ತದೆ.

ಕೆಳಗಿನ ಗಡಿಯೆಂದರೆ ತೂಕದ ಬೆಲೆ. ಮೇಲಿನ ಗಡಿಯೆಂದರೆ ಅದೇ ಬಗೆಯ ಹೊಸ ವಸ್ತುವಿಗೆ ಬಂಗಾರಪೇಟೆಯ ಅಥವಾ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಇಂದು ಇರುವ ಬೆಲೆ. 30 ಕಿಲೋ ತೂಕದ ಕಬ್ಬಿಣದ ಮಂಚವೊಂದನ್ನು ತೆಗೆದುಕೊಳ್ಳೋಣ. ಗುಜರಿ ದರ ಕಿಲೋಗೆ 25 ರೂ. ಎಂದಿಟ್ಟುಕೊಂಡರೆ ಕೆಳಗಿನ ಗಡಿ 750 ರೂ. ಹೊಸ ಮಂಚಕ್ಕೆ 6,000 ರೂ. ಇದ್ದರೆ, ಗಟ್ಟಿಮುಟ್ಟಾದ ಹಳೆಯದಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 2,000 ರೂ. ನ್ಯಾಯವಾದ ಬೆಲೆ. ಚೌಕಾಸಿಗೆ ಅವಕಾಶವಿಟ್ಟು ಚೀಟಿಯಲ್ಲಿ 2,300 ರೂ. ಎಂದು ಬರೆಯಬಹುದು. ಬಣ್ಣ ಹೋಗಿದ್ದರೆ ಅಥವಾ ಕಾಲು ಅಲುಗಾಡುತ್ತಿದ್ದರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯಬೇಕಾದೀತು.

ಈ ಲೆಕ್ಕ ಎಲ್ಲ ವಸ್ತುಗಳಿಗೂ ಒಂದೇ ರೀತಿ ಹೊಂದುವುದಿಲ್ಲ. ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆಗಳಲ್ಲಿ ಲೋಹಕ್ಕೇ ಬೆಲೆಯಿರುವುದರಿಂದ ಕೆಳಗಿನ ಗಡಿ ಎತ್ತರದಲ್ಲಿರುತ್ತದೆ. ಹಂಡೆ, ಕೊಳಗಗಳನ್ನು ಮನೆಯಲ್ಲೇ ತೂಗಿ, ಎರಡು ಪಾತ್ರೆ ಅಂಗಡಿಗಳಲ್ಲಿ ಹಳೆಯ ಲೋಹದ ದರ ವಿಚಾರಿಸಿಕೊಂಡರೆ ಮೋಸಹೋಗುವ ಭಯವಿಲ್ಲ. ಮರದ ಸಾಮಾನಿನದು ಇದಕ್ಕೆ ತದ್ವಿರುದ್ಧ. ಗುಜರಿಯಲ್ಲಿ ಅದಕ್ಕೆ ಸೌದೆಯ ಬೆಲೆ ಮಾತ್ರ. ತೇಗ, ಬೀಟೆಗಳ ಬೆಲೆ ನಿರ್ಧಾರವಾಗುವುದು ಘನ ಅಡಿಯ ಲೆಕ್ಕದಲ್ಲಿ. 6 ಅಡಿ ಉದ್ದ, 1 ಅಡಿ ಅಗಲ, 2 ಅಂಗುಲ ದಪ್ಪದ ಹಲಗೆಯೊಂದು ಒಂದು ಘನ ಅಡಿಯಾಗುತ್ತದೆ. ಪರಿಚಿತ ಬಡಗಿಯೊಬ್ಬರಿಂದ ಮರದ ಜಾತಿ ಮತ್ತು ಅಳತೆಯನ್ನು ಗೊತ್ತುಮಾಡಿಕೊಂಡ ಮೇಲೆಯೇ ಅಂಥ ಮಂಚ, ಮೇಜುಗಳಿಗೆ ಬೆಲೆ ಹೇಳಬೇಕು.

ಮಿಕ್ಸಿ, ಫ್ಯಾನ್, ಇಸ್ತ್ರಿಪೆಟ್ಟಿಗೆಗಳು ನಡೆಯುವ ಸ್ಥಿತಿಯಲ್ಲಿದ್ದರೆ ಮಾತ್ರ ಬೆಲೆ. ಪುಸ್ತಕ, ಬಟ್ಟೆ, ಸ್ಟೀಲ್ ಲೋಟಗಳಿಗೆ ಒಂದೊಂದಾಗಿ ಬೆಲೆ ಕಟ್ಟುತ್ತ ಕೂರುವುದಕ್ಕಿಂತ 10, 20, 50 ರೂ.ಗಳ ಮೂರು ಗುಂಪು ಮಾಡುವುದು ಸುಲಭ.

ದಿನ, ಸ್ಥಳ, ಜೋಡಣೆ

ಮಾರಿಕುಪ್ಪಂನಿಂದ ಬಂಗಾರಪೇಟೆಗೆ 16 ಕಿ.ಮೀ. ರೈಲು ಮಾರ್ಗವಿದೆ. ಕೆಜಿಎಫ್‌ನ ದುಡಿಯುವ ಜನರಲ್ಲಿ ಅನೇಕರು ನಸುಕಿನಲ್ಲೇ ಈ ಹಾದಿಯಾಗಿ ಬೆಂಗಳೂರಿಗೆ ಹೊರಟು ರಾತ್ರಿ ಮರಳುತ್ತಾರೆ. ಆದ್ದರಿಂದ ಮಾರಾಟಕ್ಕೆ ಭಾನುವಾರವೇ ಸೂಕ್ತ. ಸಂಬಳದ ಹಣ ಕೈಯಲ್ಲಿರುವ ತಿಂಗಳ ಮೊದಲ ಭಾನುವಾರವಾದರೆ ಇನ್ನೂ ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯನ್ನು ತಪ್ಪಿಸಿ, ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಸಮಯ ನಿಗದಿಪಡಿಸಬಹುದು.

ಕೆಜಿಎಫ್ ಕನ್ನಡ, ತಮಿಳು, ತೆಲುಗು, ಉರ್ದು ಮಾತನಾಡುವವರ ಊರು. ಸೂಚನಾ ಫಲಕವನ್ನು ಕನ್ನಡದ ಜೊತೆಗೆ ತಮಿಳಿನಲ್ಲೂ ಬರೆಸಿದರೆ ಹೆಚ್ಚು ಮಂದಿಗೆ ತಲುಪುತ್ತದೆ. ಬೆಲೆ ಚೀಟಿಯಲ್ಲಿ ದಪ್ಪ ಅಂಕಿಗಳಿದ್ದರೆ ಸಾಕು. ಬಂಗಾರಪೇಟೆಯಲ್ಲಿ ಬಾಡಿಗೆಗೆ ಹೊಸದಾಗಿ ಮನೆ ಹಿಡಿಯುವವರಿಗೆ ಮಂಚ, ಬಕೆಟ್, ಒಲೆ, ಕುರ್ಚಿಗಳೇ ಮೊದಲ ಅಗತ್ಯ. ಅಲ್ಲಿಯೂ ನಾಲ್ಕು ಜನಕ್ಕೆ ತಿಳಿಸುವುದು ಲಾಭಕರ.

ದೊಡ್ಡ ಸಾಮಾನು ಬೀದಿಗೆ ಕಾಣುವಂತಿರಲಿ. ಪಾತ್ರೆಗಳನ್ನು ತೊಳೆದು, ನೆಲದ ಮೇಲಲ್ಲದೆ ಮಂಚ ಅಥವಾ ಮೇಜಿನ ಮೇಲೆ ಜೋಡಿಸಬೇಕು. ಬಟ್ಟೆಗಳು ಹಗ್ಗದ ಮೇಲಿರಲಿ. ವಿದ್ಯುತ್ ಉಪಕರಣಗಳು ಪ್ಲಗ್ ಪಾಯಿಂಟಿನ ಹತ್ತಿರವಿದ್ದರೆ ಗಿರಾಕಿಯೇ ಹಾಕಿ ನೋಡಬಹುದು. ಮಾರಾಟಕ್ಕಿಲ್ಲದ ವಸ್ತುಗಳನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಬೇಕು. ಒಬ್ಬರು ಹಣ ನೋಡಿಕೊಂಡರೆ ಇನ್ನೊಬ್ಬರು ಸಾಮಾನು ನೋಡಿಕೊಳ್ಳಲಿ. 10, 20, 50 ರೂ.ಗಳ ಚಿಲ್ಲರೆ ಹಿಂದಿನ ದಿನವೇ ಸಿದ್ಧವಿರಲಿ.

ಹಣ ಪಡೆಯುವಾಗ

ಯುಪಿಐ ಮೂಲಕ ಹಣ ಪಡೆಯಲು ಪಿನ್ ನಮೂದಿಸುವ ಅಗತ್ಯವಿಲ್ಲ. ಹಣ ಕಳುಹಿಸುವುದಾಗಿ ಹೇಳಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿ ಪಿನ್ ಕೇಳಿದರೆ ಅದು ವಂಚನೆಯೆಂದೇ ತಿಳಿಯಬೇಕು. ಗಿರಾಕಿಯ ಮೊಬೈಲಿನಲ್ಲಿ ಕಾಣುವ ಸಂದೇಶವನ್ನು ನಂಬದೆ, ಸ್ವಂತ ಖಾತೆಗೆ ಹಣ ಬಂದುದನ್ನು ನೋಡಿದ ಮೇಲೆಯೇ ಸಾಮಾನು ಬಿಟ್ಟುಕೊಡಬೇಕು. ದ್ವಿಚಕ್ರ ವಾಹನ ಮಾರುವುದಾದರೆ ಸಾರಿಗೆ ಇಲಾಖೆಯ 29 ಮತ್ತು 30ನೇ ನಮೂನೆಗಳ ಮೂಲಕ ಮಾಲೀಕತ್ವ ವರ್ಗಾವಣೆಯಾಗುವುದು ಕಡ್ಡಾಯ. ಮನೆಯಲ್ಲಿ ಬಳಸಿದ ಪೀಠೋಪಕರಣ, ಪಾತ್ರೆಗಳ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಅನ್ವಯಿಸುವುದಿಲ್ಲ. ಆಭರಣ, ವರ್ಣಚಿತ್ರ, ಶಿಲ್ಪಗಳಿಗೆ ಈ ರಿಯಾಯಿತಿಯಿಲ್ಲ.

ವಸ್ತುವಿನ ದೋಷವನ್ನು ಮೊದಲೇ ತಿಳಿಸಿಬಿಟ್ಟರೆ ಸಂಜೆ ಜಗಳಕ್ಕೆ ಎಡೆಯಿರುವುದಿಲ್ಲ. ಮಧ್ಯಾಹ್ನದವರೆಗೆ ಚೀಟಿಯ ಬೆಲೆಗಿಂತ ಶೇ. 10ರಿಂದ 15ರಷ್ಟು ಮಾತ್ರ ಇಳಿಯುವುದು, ಒಂದು ಗಂಟೆಯ ನಂತರ ಕಾಲು ಭಾಗ ಕಡಿಮೆ ಮಾಡುವುದು, ಕೊನೆಯ ಗಂಟೆಯಲ್ಲಿ ಸಣ್ಣ ಸಾಮಾನನ್ನು ಒಟ್ಟಾಗಿ ಕೊಟ್ಟುಬಿಡುವುದು ಸೂಕ್ತ ಕ್ರಮ. ಆದರೆ ಲೋಹದ ಪಾತ್ರೆಗಳನ್ನು ಯಾವ ಹೊತ್ತಿನಲ್ಲೂ ತೂಕದ ಬೆಲೆಗಿಂತ ಕೆಳಗೆ ಬಿಡಬಾರದು. ಉಳಿದವುಗಳಲ್ಲಿ ಬಳಸಲು ಯೋಗ್ಯವಾದವನ್ನು ಸಮೀಪದ ಶಾಲೆ, ಅಂಗನವಾಡಿಗಳಿಗೆ ಕೇಳಿ ಕೊಡಬಹುದು. ಗುಜರಿಯವರನ್ನು ಕರೆಯುವುದು ಅದರ ನಂತರದ ಮಾತು. ಅಷ್ಟರಲ್ಲಿ ಅವರ ತಕ್ಕಡಿಗೆ ಹೋಗಬೇಕಾದದ್ದು ನಿಜವಾದ ಗುಜರಿ ಮಾತ್ರ ಉಳಿದಿರುತ್ತದೆ.